ತಲೆಗೊಂದು ಸಿಡಿತಲೆ

2011ರ ಜನಗಣತಿಯ ಪ್ರಕಾರ ಚಾಮರಾಜನಗರ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ. ತೊಟ್ಟಿಲ ಕೂಸು, ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿ, ಚಾಮರಾಜೇಶ್ವರ ಗುಡಿಯ ಅರ್ಚಕರು, ಜಿಲ್ಲಾಧಿಕಾರಿ ಕಚೇರಿಯ ಜವಾನ, ಎಲ್ಲರೂ ಸೇರಿ. ಆಷಾಢದ ರಥೋತ್ಸವಕ್ಕೆ ಕೈಹಿಡಿದು ಬರುವ ನವದಂಪತಿಗಳು ಈ ಲೆಕ್ಕಕ್ಕಿಲ್ಲ. 1986ರಲ್ಲಿ ಜಗತ್ತಿನ ಎಲ್ಲ ದೇಶಗಳ ಉಗ್ರಾಣಗಳಲ್ಲಿ ಒಟ್ಟು ಇದ್ದ ಅಣ್ವಸ್ತ್ರ ಸಿಡಿತಲೆಗಳ ಸಂಖ್ಯೆ ಸುಮಾರು 70,300. ಅಂದರೆ ಆ ಪಟ್ಟಣದ ಪ್ರತಿಯೊಬ್ಬರ ಕೈಗೂ ಒಂದೊಂದು ಕೊಟ್ಟು, ಇನ್ನೂ ಒಂದಷ್ಟನ್ನು ಉಳಿಸಿಕೊಳ್ಳಬಹುದಿತ್ತು.

ಆ ಹೊತ್ತಿಗೆ ಅಮೆರಿಕ ತನ್ನ ಪಾಲನ್ನು ಇಳಿಸಿ ಆಗಿತ್ತು. ಅದರ ಉತ್ತುಂಗ 1967ರಲ್ಲಿ: 31,255. ಗುಂಡ್ಲುಪೇಟೆ ಪಟ್ಟಣದ ಜನಸಂಖ್ಯೆ 28 ಸಾವಿರದ ಆಸುಪಾಸು. ಊರಿಗೆಲ್ಲ ಹಂಚಿದ ಮೇಲೂ ಮೂರು ಸಾವಿರ ಸಿಡಿತಲೆಗಳು ಮಿಗುತ್ತಿದ್ದವು.

ಸಂಖ್ಯೆ ಬಿಟ್ಟು ಶಕ್ತಿಯನ್ನು ಅಳೆದರೆ ಲೆಕ್ಕ ಇನ್ನೂ ವಿಚಿತ್ರವಾಗುತ್ತದೆ. 1960ರಲ್ಲಿ ಅಮೆರಿಕದ ಬಾಂಬುಗಳ ಒಟ್ಟು ಸ್ಫೋಟಶಕ್ತಿ 20,491 ಮೆಗಾಟನ್ ಎಂದು ಅಲ್ಲಿನ ಇಂಧನ ಇಲಾಖೆಯೇ ಆಮೇಲೆ ಬಹಿರಂಗಪಡಿಸಿದೆ. ಹಿರೋಷಿಮಾ ಬಾಂಬು ಸುಮಾರು 15 ಕಿಲೋಟನ್. ಭಾಗಿಸಿ ನೋಡಿ: 13 ಲಕ್ಷ 66 ಸಾವಿರ ಹಿರೋಷಿಮಾ. ಕೊಳ್ಳೇಗಾಲ, ಹನೂರು, ಯಳಂದೂರು ಎಲ್ಲ ಸೇರಿಸಿದರೂ ಇಡೀ ಚಾಮರಾಜನಗರ ಜಿಲ್ಲೆಯ ಜನ 10 ಲಕ್ಷ 21 ಸಾವಿರ ದಾಟುವುದಿಲ್ಲ. ಒಂದು ಊರನ್ನು ಸುಟ್ಟು, ಅದೇ ವರ್ಷದ ಕೊನೆಯೊಳಗೆ ಸುಮಾರು 1 ಲಕ್ಷ 40 ಸಾವಿರ ಜನರನ್ನು ಕೊಂದ ಬಾಂಬಿಗೆ ಸಮವಾದ ಶಕ್ತಿ, ಒಂದು ಜಿಲ್ಲೆಯ ತಲೆಗೊಂದರಂತೆ ಹಂಚಿದರೂ ಮುಗಿಯದಷ್ಟು, ಒಂದೇ ದೇಶದ ಹತ್ತಿರ ಇತ್ತು. ಮರುವರ್ಷ, 1961ರ ಅಕ್ಟೋಬರ್ 30ರಂದು, ಸೋವಿಯತ್ ಒಕ್ಕೂಟ ನೊವಾಯಾ ಜೆಮ್ಲ್ಯಾ ದ್ವೀಪದ ಮೇಲೆ 50 ಮೆಗಾಟನ್‌ನ ಒಂಟಿ ಬಾಂಬನ್ನು ಸಿಡಿಸಿ ತೋರಿಸಿತು. ಅದರ ಅಣಬೆ ಮೋಡ 60 ಕಿಲೋಮೀಟರ್‌ಗೂ ಎತ್ತರಕ್ಕೆ ಹೋಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಒಂದರ ಮೇಲೊಂದರಂತೆ ನಲವತ್ತಕ್ಕೂ ಹೆಚ್ಚು ಸಲ ಪೇರಿಸಿದರೆ ಆಗುವ ಎತ್ತರ ಅದು.

ಇಷ್ಟೊಂದು ಯಾಕೆ ಬೇಕಿತ್ತು? ಯುದ್ಧ ಮಾಡುವವರೇ ಕೇಳಬೇಕಿದ್ದ ಪ್ರಶ್ನೆ ಇದು. ಕೆಲವರು ಕೇಳಿದರು ಕೂಡ, ಆದರೆ ಬಹುಪಾಲು ಮಂದಿ ಸಮವಸ್ತ್ರ ಕಳಚಿದ ಮೇಲೆ.

ಸಮವಸ್ತ್ರದಲ್ಲಿದ್ದಾಗಲೇ ಕೇಳಿದ ಒಬ್ಬನ ಹೆಸರು ಡೇವಿಡ್ ಶೂಪ್. ಎರಡನೇ ಮಹಾಯುದ್ಧದ ತರಾವಾ ಕದನದಲ್ಲಿ ಹೋರಾಡಿ ಅಮೆರಿಕದ ಅತ್ಯುನ್ನತ ಶೌರ್ಯಪದಕ ಪಡೆದವನು, 1960ರಲ್ಲಿ ಮರೀನ್ ಪಡೆಯ ಮುಖ್ಯಸ್ಥ. ಆ ವರ್ಷ ತಯಾರಾದ ಯುದ್ಧಯೋಜನೆಯ ಪ್ರಕಾರ ಪೂರ್ಣ ಸನ್ನದ್ಧತೆಯಲ್ಲಿ 3,200ಕ್ಕೂ ಹೆಚ್ಚು ಬಾಂಬುಗಳು ಸಾವಿರಕ್ಕೂ ಹೆಚ್ಚು ಗುರಿಗಳ ಮೇಲೆ ಒಂದೇ ಬೀಸಿನಲ್ಲಿ ಬೀಳಬೇಕಿತ್ತು. ರಷ್ಯಾ ಜತೆಗೆ ಚೀನಾ ಕೂಡ. ಈ ಯುದ್ಧದಲ್ಲಿ ಚೀನಾ ಭಾಗಿಯೇ ಆಗಿರದಿದ್ದರೆ ಏನು ಮಾಡುತ್ತೀರಿ ಎಂದು ಶೂಪ್ ಕೇಳಿದ. ಚೀನಾವನ್ನು ಕೈಬಿಡಲು ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಸಂಬಂಧವಿಲ್ಲದ ಕೋಟ್ಯಂತರ ಜನರನ್ನು ಕೊಲ್ಲುವ ಯೋಜನೆ ಒಳ್ಳೆಯದಲ್ಲ ಎಂದು ಅವನು ಎದ್ದುನಿಂತು ಹೇಳಿದ. ಯೋಜನೆ ಮುಂದುವರಿಯಿತು.

ಸಂಖ್ಯೆ ಉಬ್ಬಲು ಇನ್ನೊಂದು ಕಾರಣವಿತ್ತು. ಬಂಡೀಪುರದ ಅಂಚಿನಲ್ಲಿ ಬದುಕುವವರಿಗೆ ಇದು ಬೇಗ ಅರ್ಥವಾಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ನಾಲ್ಕೈದು ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟುಹೋಯಿತು. ಒಣಗಿದ ಲಂಟಾನ, ಬೇಸಿಗೆಯ ಗಾಳಿ, ಇಳಿಜಾರು: ಕಿಡಿ ಎಷ್ಟೇ ಸಣ್ಣದಿರಲಿ, ಅದು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಕಿಡಿ ತೀರ್ಮಾನಿಸುವುದಿಲ್ಲ. ಅಂದು ಬಂಡೀಪುರದಲ್ಲಿ ಸುಟ್ಟ ಜಾಗ ಹಿರೋಷಿಮಾದಲ್ಲಿ ಸುಟ್ಟ ಜಾಗದ ಸುಮಾರು ಮೂರೂವರೆ ಪಟ್ಟು. ಆದರೆ ಅಮೆರಿಕದ ಗುರಿ ಲೆಕ್ಕಿಗರು ದಶಕಗಳ ಕಾಲ ಬಾಂಬಿನ ಹೊಡೆತದ ಒತ್ತಡವನ್ನು ಮಾತ್ರ ಎಣಿಸಿದರು, ಬೆಂಕಿಯನ್ನು ಎಣಿಸಲೇ ಇಲ್ಲ ಎಂದು ಲಿನ್ ಈಡನ್ ಎಂಬ ಸಂಶೋಧಕಿ 2004ರ ತಮ್ಮ ಪುಸ್ತಕದಲ್ಲಿ ದಾಖಲೆ ಸಮೇತ ತೋರಿಸಿದರು. ಹೊಡೆತವನ್ನು ಲೆಕ್ಕ ಹಾಕುವುದು ಸುಲಭ, ಬೆಂಕಿ ಗಾಳಿ ಮಳೆಗೆ ತಕ್ಕಂತೆ ಬದಲಾಗುವಂಥದ್ದು, ಆದ್ದರಿಂದ ಬಿಟ್ಟುಬಿಡೋಣ ಎಂಬ ಧೋರಣೆ. 300 ಕಿಲೋಟನ್‌ನ ಒಂದು ಬಾಂಬು ನಗರದ ಮೇಲೆ ಬಿದ್ದರೆ ನೂರು ಚದರ ಕಿಲೋಮೀಟರ್‌ಗೂ ಹೆಚ್ಚು ಜಾಗ ಬೆಂಕಿಯಲ್ಲೇ ನಾಶವಾಗುತ್ತದೆ ಎಂಬುದು ಈಡನ್ ಅವರ ಅಂದಾಜು. ಅದು ಲೆಕ್ಕಿಗರ ಪುಸ್ತಕಕ್ಕೆ ಬರಲಿಲ್ಲ. ನಾಶ ಕಡಿಮೆ ಎಂದು ಬರೆದುಕೊಂಡಾಗ ಬಾಂಬು ಹೆಚ್ಚು ಬೇಕು ಎಂಬ ಬೇಡಿಕೆ ತಾನಾಗಿ ಹುಟ್ಟುತ್ತದೆ. ನಮ್ಮ ಕಾಡಂಚಿನ ಯಾವ ಫೈರ್ ವಾಚರ್ ಕೂಡ ಮಾಡದ ತಪ್ಪು ಇದು.

1960ರ ಆ ಯುದ್ಧಯೋಜನೆ ಮುಂದೆ ಜನರಲ್ ಲೀ ಬಟ್ಲರ್ ಕೈಗೆ ಬಂತು. ಅಮೆರಿಕದ ಅಣ್ವಸ್ತ್ರ ಬಾಂಬರುಗಳೂ ಖಂಡಾಂತರ ಕ್ಷಿಪಣಿಗಳೂ ಸೇರಿದ ಸ್ಟ್ರಾಟೆಜಿಕ್ ಏರ್ ಕಮಾಂಡ್‌ನ ಕಡೆಯ ಮುಖ್ಯಸ್ಥ. 1991ರಲ್ಲಿ ಅಧಿಕಾರಕ್ಕೆ ಬಂದವನೇ ಗುರಿಗಳ ಪಟ್ಟಿಯನ್ನು ತರಿಸಿ ಒಂದೊಂದಾಗಿ ನೋಡಲು ಕೂತ. ಪಟ್ಟಿಯಲ್ಲಿ ಇದ್ದದ್ದು 12,500 ಗುರಿ. ಜಗತ್ತಿನಲ್ಲಿ ಅಷ್ಟೊಂದು ಸೈನಿಕ ಗುರಿಗಳು ಇರಲು ಸಾಧ್ಯವೇ ಎಂಬ ಅನುಮಾನ ಅಲ್ಲೇ ಶುರುವಾಯಿತು. ಪಟ್ಟಿಯನ್ನು ಬಟ್ಲರ್ ಕತ್ತರಿಸತೊಡಗಿದ. ನಿವೃತ್ತಿಯಾದದ್ದು 1994ರಲ್ಲಿ. 1996ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಪತ್ರಕರ್ತರ ಮುಂದೆ ನಿಂತು, ತಾನು ಜೀವಮಾನವಿಡೀ ಕಾಯ್ದ ಅಸ್ತ್ರವನ್ನು ಜಗತ್ತು ತ್ಯಜಿಸಬೇಕು ಎಂದ. ಅದರ ಬೆನ್ನಿಗೇ 17 ದೇಶಗಳ ಸುಮಾರು 60 ಜನರಲ್ ಹಾಗೂ ಅಡ್ಮಿರಲ್‌ಗಳ ಹೇಳಿಕೆ ಹೊರಬಿತ್ತು. ನ್ಯಾಟೊ ಸೇನೆಯ ಮಾಜಿ ದಂಡನಾಯಕ ಗುಡ್‌ಪಾಸ್ಟರ್, ರಷ್ಯಾದ ಲೆಬೆಡ್ ಅದರಲ್ಲಿದ್ದರು. ಭಾರತ ಮತ್ತು ಪಾಕಿಸ್ತಾನದ ಸೇನಾನಿಗಳ ಸಹಿಯೂ ಅದೇ ಹಾಳೆಯಲ್ಲಿತ್ತು. ಎರಡೂ ದೇಶ ಪೋಖ್ರಾನ್‌ನಲ್ಲಿ, ಚಾಗೈಯಲ್ಲಿ ಬಾಂಬು ಸಿಡಿಸಲು ಇನ್ನೂ ಒಂದೂವರೆ ವರ್ಷವಿತ್ತು.

ಇದಕ್ಕೂ ಮೊದಲು, 1979ರ ಮೇ ತಿಂಗಳಲ್ಲಿ, ನಮ್ಮ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ ಸ್ಟ್ರಾಸ್‌ಬರ್ಗ್‌ನ ಭಾಷಣದಲ್ಲಿ ಅಣ್ವಸ್ತ್ರಕ್ಕೆ ಸೈನಿಕ ಉಪಯೋಗವೇ ಇಲ್ಲ ಎಂಬರ್ಥದ ಮಾತಾಡಿದ್ದರು. ಬ್ರಿಟನ್ನಿನ ಮೂರೂ ಪಡೆಗಳ ಮುಖ್ಯಸ್ಥರ ಕುರ್ಚಿಯಿಂದ ಅವರು ಎಂದೋ ಇಳಿದಿದ್ದರು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಭಯದಲ್ಲಿ ನಮ್ಮ ಎಷ್ಟೋ ಮುಖ್ಯಮಂತ್ರಿಗಳು ಆ ಊರಿನ ಕಾರ್ಯಕ್ರಮಗಳನ್ನು ದೂರದಿಂದಲೇ ಉದ್ಘಾಟಿಸಿದ್ದುಂಟು. ಸಿದ್ದರಾಮಯ್ಯ 2013ರ ನಂತರ ಹತ್ತಾರು ಸಲ ಹೋಗಿಬಂದು ಅವಧಿ ಮುಗಿಸಿದರು. ಸೇನಾಪತಿಗಳಿಗೂ ಹಾಗೊಂದು ಊರಿದೆ ಅನ್ನಿಸುತ್ತದೆ. ಕುರ್ಚಿ ಹೋದ ಮೇಲಷ್ಟೇ ಅಲ್ಲಿಗೆ ಹೋಗಿಬರುತ್ತಾರೆ. ಇದನ್ನು ಕುಹಕವಾಗಿ ಹೇಳುತ್ತಿಲ್ಲ. ಬೆದರಿಕೆ ನಂಬುವಂತಿರಬೇಕಾದರೆ ಗುಂಡಿಯ ಮುಂದೆ ಕೂತವನು ಅನುಮಾನ ತೋರಿಸಬಾರದು. ಅದು ಆ ಕೆಲಸದ ಷರತ್ತು.

ಹಾಗೆಂದು ನಿವೃತ್ತರೆಲ್ಲ ಒಂದೇ ಮಾತಾಡುತ್ತಾರೆ ಎಂದುಕೊಂಡರೆ ಮೋಸಹೋದಂತೆ. 2015ರ ಜುಲೈನಲ್ಲಿ ಇರಾನ್ ಜತೆ ಅಣು ಒಪ್ಪಂದವಾದಾಗ, ಆಗಸ್ಟ್‌ನಲ್ಲಿ ಅಮೆರಿಕದ 36 ನಿವೃತ್ತ ಜನರಲ್‌ಗಳು, ಅಡ್ಮಿರಲ್‌ಗಳು ಒಪ್ಪಂದವನ್ನು ಬೆಂಬಲಿಸಿ ಬಹಿರಂಗ ಪತ್ರ ಬರೆದರು. ಸುಮಾರು ಎರಡು ವಾರ ಕಳೆಯುವಷ್ಟರಲ್ಲಿ ಸುಮಾರು 200 ನಿವೃತ್ತ ಜನರಲ್‌ಗಳು, ಅಡ್ಮಿರಲ್‌ಗಳು ಅದನ್ನು ತಿರಸ್ಕರಿಸಿ ಎಂದು ಸಂಸತ್ತಿಗೆ ಬರೆದರು. ತಲೆ ಎಣಿಸಿದರೆ ವಿರೋಧಿಗಳದ್ದೇ ಗೆಲುವು. ಒಪ್ಪಂದದೊಳಗಿನ ಅಂಕಿ ಎಣಿಸಿದರೆ ಬೇರೆಯೇ ಚಿತ್ರ: ಇರಾನಿನ ಸುಮಾರು 19 ಸಾವಿರ ಸೆಂಟ್ರಿಫ್ಯೂಜ್‌ಗಳಲ್ಲಿ ಉಳಿಯಬೇಕಾದದ್ದು 6,104, ಹತ್ತು ಸಾವಿರ ಕಿಲೋ ಸಂಪದ್ಭರಿತ ಯುರೇನಿಯಂನಲ್ಲಿ ಇಟ್ಟುಕೊಳ್ಳಬಹುದಾದದ್ದು 300 ಕಿಲೋ. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರಬಂತು. ಆಮೇಲೆ ಇರಾನ್ ಆ ಮಿತಿಗಳನ್ನು ಒಂದೊಂದಾಗಿ ಮೀರಿತು. ಪತ್ರ ಬರೆದ ಇನ್ನೂರರಲ್ಲಿ ಎಷ್ಟು ಮಂದಿ ಕ್ಷಿಪಣಿ ಎಣಿಸುವ ಕೆಲಸ ಮಾಡಿದ್ದವರು ಎಂದು ಕೇಳಬೇಕೆನಿಸುತ್ತದೆ. 2010ರಲ್ಲಿ ಅಮೆರಿಕ ಮತ್ತು ರಷ್ಯಾ ಸಿಡಿತಲೆಗಳಿಗೆ ಮಿತಿ ಹಾಕುವ ಹೊಸ ಸ್ಟಾರ್ಟ್ ಒಪ್ಪಂದಕ್ಕೆ ಸಹಿ ಹಾಕಿದಾಗ ಅದರ ಪರವಾಗಿ ಸೆನೆಟ್‌ಗೆ ಬಂದ ಒಂದು ಪತ್ರಕ್ಕೆ ಸಹಿ ಹಾಕಿದವರು ಏಳೇ ಮಂದಿ. ಆ ಏಳೂ ಮಂದಿ ಅಮೆರಿಕದ ಅಣ್ವಸ್ತ್ರ ಪಡೆಯ ಮಾಜಿ ದಂಡನಾಯಕರು, ಬಟ್ಲರ್ ಅವರಲ್ಲೊಬ್ಬ. ಡಿಸೆಂಬರ್ 22ರಂದು ಸೆನೆಟ್ 71ಕ್ಕೆ 26 ಮತಗಳಿಂದ ಒಪ್ಪಿತು.

ಒಪ್ಪಂದದ ಪರ ನಿಂತ ಈ ಏಳು ಮಂದಿಯ ವಾದದಲ್ಲಿ ಕರುಣೆಯ ಮಾತು ಹೆಚ್ಚಿರಲಿಲ್ಲ. ಇದ್ದದ್ದು ಲೆಕ್ಕ. ಎದುರಾಳಿಯ ಹತ್ತಿರ ಎಷ್ಟಿದೆ, ಎಲ್ಲಿದೆ ಎಂದು ಗೊತ್ತಿದ್ದರೆ ನಮಗೆ ಎಷ್ಟು ಸಾಕು ಎಂದು ಹೇಳಬಹುದು. ಗೊತ್ತಿಲ್ಲದಿದ್ದರೆ ಕೆಟ್ಟದ್ದನ್ನೇ ಊಹಿಸಿ ರಾಶಿ ಹಾಕಬೇಕಾಗುತ್ತದೆ. 70 ಸಾವಿರ ಆದದ್ದು ಹಾಗೆಯೇ. ನನಗೆ ಈ ಕಥೆಯಲ್ಲಿ ಬೆರಗು ಹುಟ್ಟಿಸುವುದು ಬಾಂಬುಗಳ ಸಂಖ್ಯೆಗಿಂತ ಹೆಚ್ಚಾಗಿ ಈ ಎಣಿಕೆಯ ಕೆಲಸ.

1987ರ ಡಿಸೆಂಬರ್ 8ರಂದು ರೇಗನ್ ಮತ್ತು ಗೋರ್ಬಚೆವ್ ಸಹಿ ಹಾಕಿದ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ ಒಪ್ಪಂದವನ್ನೇ ನೋಡಿ. 1991ರ ಮಧ್ಯಭಾಗದೊಳಗೆ 2,692 ಕ್ಷಿಪಣಿಗಳನ್ನು ಸುಟ್ಟರು, ಗರಗಸದಲ್ಲಿ ಕೊಯ್ದರು, ಚಪ್ಪಟೆ ಮಾಡಿದರು. ಸೋವಿಯತ್ ಪಾಲು 1,846, ಅಮೆರಿಕದ್ದು 846. ಪ್ರತಿಯೊಂದು ನಾಶವಾಗುವಾಗಲೂ ಎದುರು ಪಕ್ಷದವರು ನಿಂತು ನೋಡಬೇಕು. ಅಷ್ಟೇ ಅಲ್ಲ, ಹೊಸದಾಗಿ ಗುಟ್ಟಾಗಿ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ವೊಟ್ಕಿನ್ಸ್ಕ್‌ನ ಸೋವಿಯತ್ ಕ್ಷಿಪಣಿ ಕಾರ್ಖಾನೆಯ ಗೇಟಿನ ಹೊರಗೆ 30 ಅಮೆರಿಕನ್ ತಪಾಸಣಾಧಿಕಾರಿಗಳು, ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾ ಕಾರ್ಖಾನೆಯ ಗೇಟಿನ ಹೊರಗೆ ಅಷ್ಟೇ ಮಂದಿ ಸೋವಿಯತ್ ತಪಾಸಣಾಧಿಕಾರಿಗಳು ಬೀಡುಬಿಟ್ಟರು. ಹದಿಮೂರು ವರ್ಷ! ಹೊರಬರುವ ಪ್ರತಿ ದೊಡ್ಡ ಲಾರಿ, ಪ್ರತಿ ರೈಲು ಬೋಗಿಯ ಉದ್ದ ಅಗಲ ಅಳೆದು ಪುಸ್ತಕದಲ್ಲಿ ಬರೆದುಕೊಂಡರು. ಈ ಕೆಲಸಕ್ಕೆಂದೇ ಹುಟ್ಟಿದ ಅಮೆರಿಕನ್ ಸಂಸ್ಥೆಯ ಮೊದಲ ನಿರ್ದೇಶಕ ಒಬ್ಬ ಬ್ರಿಗೇಡಿಯರ್ ಜನರಲ್. ಶತ್ರುವನ್ನು ಕೊಲ್ಲಲು ತರಬೇತಾದವರನ್ನು ಅವನ ಮನೆ ಬಾಗಿಲಲ್ಲಿ ಟೇಪು ಹಿಡಿದು ಕೂರಿಸಿದ್ದು ಇಪ್ಪತ್ತನೇ ಶತಮಾನದ ದೊಡ್ಡ ಸಾಧನೆಗಳಲ್ಲಿ ಒಂದು ಎಂದು ನಾನು ಭಾವಿಸುತ್ತೇನೆ. ಚಂದ್ರಯಾನಕ್ಕೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ.

ಹೊಸ ಸ್ಟಾರ್ಟ್ ಒಪ್ಪಂದದ ಮಿತಿ ಹೀಗಿತ್ತು: ಪ್ರತಿ ಪಕ್ಷಕ್ಕೂ ನಿಯೋಜಿತ ಸಿಡಿತಲೆ 1,550, ಅವನ್ನು ಹೊರುವ ನಿಯೋಜಿತ ಕ್ಷಿಪಣಿ ಮತ್ತು ಬಾಂಬರು 700. ಲೆಕ್ಕದಲ್ಲೂ ಒಂದು ತಮಾಷೆಯಿತ್ತು. ಒಂದು ಬಾಂಬರು ಎಷ್ಟೇ ಬಾಂಬು ಹೊರಲಿ, ಪುಸ್ತಕದಲ್ಲಿ ಅದು ಒಂದೇ ಸಿಡಿತಲೆ. ಬಿ-52 ವಿಮಾನ 20 ಕ್ರೂಸ್ ಕ್ಷಿಪಣಿಗಳನ್ನು ಹೊರಬಲ್ಲದು! ಆದರೂ ವರ್ಷಕ್ಕೆ 18 ತಪಾಸಣೆಗೆ ಅವಕಾಶವಿತ್ತು. ಒಟ್ಟು 328 ತಪಾಸಣೆ ನಡೆದವು. ಯಾವ ಕ್ಷಿಪಣಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಪರಸ್ಪರ ತಿಳಿಸಿದ ಸೂಚನೆಗಳ ಸಂಖ್ಯೆ 25 ಸಾವಿರ ದಾಟಿತು. ಕಳಚಿದ ಬಾಂಬು ಎಲ್ಲಿ ಹೋಯಿತು ಎನ್ನುವವರಿಗೆ ಇನ್ನೊಂದು ಅಂಕಿ: 1993ರಿಂದ 2013ರವರೆಗೆ 20 ಸಾವಿರ ಸಿಡಿತಲೆಗಳಿಗೆ ಸಮನಾದ 500 ಟನ್ ರಷ್ಯನ್ ಯುರೇನಿಯಂ ತೆಳುವಾಗಿ, ಇಂಧನವಾಗಿ, ಅಮೆರಿಕದ ಅಣುಸ್ಥಾವರಗಳಲ್ಲಿ ಉರಿಯಿತು. ಅಷ್ಟು ವರ್ಷ ಅಮೆರಿಕದ ವಿದ್ಯುತ್ತಿನ ಸುಮಾರು ಹತ್ತನೇ ಒಂದು ಭಾಗ ತನ್ನ ಮೇಲೆ ಬೀಳಬೇಕಿದ್ದ ಬಾಂಬುಗಳಿಂದಲೇ ಬಂತು.

ಕೊರೋನಾ ಬಂದ 2020ರ ಮಾರ್ಚ್‌ನಲ್ಲಿ ತಪಾಸಣೆ ನಿಂತಿತು, ಮತ್ತೆ ಶುರುವಾಗಲಿಲ್ಲ. 2023ರ ಫೆಬ್ರವರಿಯಲ್ಲಿ ರಷ್ಯಾ ತನ್ನ ಭಾಗವಹಿಸುವಿಕೆಯನ್ನು ಅಮಾನತು ಮಾಡಿತು. 2026ರ ಫೆಬ್ರವರಿ 5ಕ್ಕೆ ಒಪ್ಪಂದದ ಅವಧಿಯೇ ಮುಗಿಯಿತು. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಂತೆ 2025ರ ಆರಂಭದಲ್ಲಿ ಜಗತ್ತಿನಲ್ಲಿದ್ದ ಸಿಡಿತಲೆ 12,241. ಅವುಗಳಲ್ಲಿ ಸುಮಾರು 2,100 ಸಿಡಿತಲೆಗಳು ಕೆಲವೇ ನಿಮಿಷಗಳಲ್ಲಿ ಹಾರಲು ಸಿದ್ಧ. ಬಂಡೀಪುರದ ರಸ್ತೆಗಾದರೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕುತ್ತಾರೆ, ಈ 2,100ಕ್ಕೆ ರಾತ್ರಿ ಹಗಲಿಲ್ಲ. 2024ರಲ್ಲಿ ಒಂಬತ್ತು ದೇಶಗಳು ಇವುಗಳ ಮೇಲೆ ಸುರಿದದ್ದು 10 ಸಾವಿರ ಕೋಟಿ ಡಾಲರ್‌ಗೂ ಹೆಚ್ಚು ಎಂದು ಅಣ್ವಸ್ತ್ರ ನಿಷೇಧದ ಪರ ಕೆಲಸ ಮಾಡುವ ಐಕ್ಯಾನ್ ಸಂಸ್ಥೆ ಲೆಕ್ಕ ಕೊಟ್ಟಿದೆ. ಗುಂಡ್ಲುಪೇಟೆ ನಿಲ್ದಾಣದಿಂದ ಹೊರಟ ಬಸ್ಸು ಚಾಮರಾಜನಗರ ಮುಟ್ಟುವ ಒಂದು ಗಂಟೆಯಲ್ಲಿ ಹೆಚ್ಚುಕಡಿಮೆ 95 ಕೋಟಿ ರೂಪಾಯಿ.

ಅದೇ ಬಸ್ಸಿನ ಲೆಕ್ಕವನ್ನು ನಮ್ಮ ಗಡಿಗೂ ಹಚ್ಚಿ ನೋಡೋಣ. ಕರಾಚಿಯಿಂದ ಗುಂಡ್ಲುಪೇಟೆಗೆ ನೇರ ದೂರ ಸುಮಾರು 1,800 ಕಿಲೋಮೀಟರ್. ಅಷ್ಟು ದೂರದ ಬ್ಯಾಲಿಸ್ಟಿಕ್ ಕ್ಷಿಪಣಿಗೆ ಹಿಡಿಯುವ ಹೊತ್ತು ಹನ್ನೆರಡು ಹದಿಮೂರು ನಿಮಿಷ. ಬಸ್ಸು ತೆರಕಣಾಂಬಿಯನ್ನೂ ದಾಟಿರುವುದಿಲ್ಲ. ದೆಹಲಿಗೋ ಲಾಹೋರಿಗೋ ಆದರೆ ಇದರ ಅರ್ಧವೂ ಬೇಡ. ಸಿಪ್ರಿ ಪ್ರಕಾರ 2025ರ ಆರಂಭದಲ್ಲಿ ಭಾರತದ್ದು 180 ಸಿಡಿತಲೆ, ಪಾಕಿಸ್ತಾನದ್ದು 170. ಬಿಳಿಗಿರಿರಂಗನ ಬೆಟ್ಟದ ಕೆಲವು ಸೋಲಿಗರ ಪೋಡುಗಳ ಜನಸಂಖ್ಯೆಯಷ್ಟೇ. 70 ಸಾವಿರದ ಮುಂದೆ ಏನೂ ಅಲ್ಲ. ಆದರೆ ಇವುಗಳಲ್ಲಿ ಹಿರೋಷಿಮಾ ಗಾತ್ರದ ನೂರು ಬಾಂಬು ನಗರಗಳ ಮೇಲೆ ಬಿದ್ದರೆ 50 ಲಕ್ಷ ಟನ್ ಮಸಿ ಆಕಾಶಕ್ಕೇರಿ ಇಡೀ ಭೂಮಿಯ ಬೆಳೆ ಕುಗ್ಗುತ್ತದೆ ಎಂದು 2007ರಲ್ಲಿ ಹವಾಮಾನ ವಿಜ್ಞಾನಿಗಳು ಲೆಕ್ಕ ಹಾಕಿದರು. ಮತ್ತೆ ಅದೇ ಬೆಂಕಿಯ ಲೆಕ್ಕ.

ಈ ಎರಡು ಪುಟ್ಟ ರಾಶಿಗಳ ನಡುವೆ ಎಣಿಕೆಯ ಒಪ್ಪಂದ ಯಾವುದೂ ಇಲ್ಲ. ಇರುವುದು ಒಂದು ಪಟ್ಟಿ. 1988ರ ಡಿಸೆಂಬರ್ 31ರಂದು ರಾಜೀವ್ ಗಾಂಧಿ ಮತ್ತು ಬೆನಜೀರ್ ಭುಟ್ಟೊ ಸಮ್ಮುಖದಲ್ಲಿ ಸಹಿಯಾದ ಒಪ್ಪಂದದಂತೆ ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡುವಂತಿಲ್ಲ. ಅವು ಎಲ್ಲೆಲ್ಲಿವೆ ಎಂಬುದನ್ನು ಅಕ್ಷಾಂಶ ರೇಖಾಂಶ ಸಮೇತ ಪ್ರತಿ ಜನವರಿ 1ರಂದು ಪರಸ್ಪರ ಕೊಡಬೇಕು. ಪಟ್ಟಿ ಗುಟ್ಟು. ಆದರೆ ಒಪ್ಪಂದದ ವ್ಯಾಖ್ಯೆಯೊಳಗೆ ವಿದ್ಯುತ್ ಸ್ಥಾವರಗಳೂ ಯುರೇನಿಯಂ ಸಂಪದ್ಭರಿತಗೊಳಿಸುವ ಘಟಕಗಳೂ ಬರುತ್ತವೆ. ಕೈಗಾ ಮೊದಲನೆಯ ಬಗೆಯದು; ಮೈಸೂರಿನ ಇಲವಾಲದ ಹತ್ತಿರ ರತ್ನಹಳ್ಳಿಯಲ್ಲಿರುವ ಘಟಕ ಎರಡನೆಯ ಬಗೆಯದು. ಗುಂಡ್ಲುಪೇಟೆಯಿಂದ ರತ್ನಹಳ್ಳಿಗೆ ನೇರ ಗೆರೆ ಎಳೆದರೆ ಅರವತ್ತು ಕಿಲೋಮೀಟರ್ ಆಸುಪಾಸು. ಈ ತಾಲ್ಲೂಕಿನ ಚೆಂಡುಹೂವಿನ ಹೊಲಗಳನ್ನು ನೇರವಾಗಿ ಮುಟ್ಟುವ ಅಣು ಒಪ್ಪಂದ ಯಾವುದಾದರೂ ಇದ್ದರೆ ಅದು ಇದೇ. 1992ರಿಂದ ಕಾರ್ಗಿಲ್, ಸಂಸತ್ ಭವನದ ಮೇಲಿನ ದಾಳಿ, ಬಾಲಾಕೋಟ್ ಯಾವುದಕ್ಕೂ ಈ ವಿನಿಮಯ ತಪ್ಪಿಲ್ಲ. 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ನಂತರ, 2026ರ ಜನವರಿ 1ರಂದು ನಡೆದದ್ದು ಸತತ 35ನೆಯದು.

ನಮ್ಮ ನಿವೃತ್ತ ಸೇನಾನಿಗಳಲ್ಲೂ ಒಮ್ಮತವಿಲ್ಲ. ಬಾಂಬು ಬೇಕೇಬೇಕು ಎಂದು ವಾದಿಸಿದ ಜನರಲ್ ಸುಂದರ್‌ಜಿಯೇ, ಕೆಲವೇ ಡಜನ್ ಸಾಕಾಗುವಾಗ ಹೆಚ್ಚು ಯಾಕೆ ಎಂಬ ನಿಲುವಿನವರು. 1993ರಲ್ಲಿ ಭಾರತ ಪಾಕಿಸ್ತಾನ ಅಣುಯುದ್ಧದ ಕಾದಂಬರಿಯನ್ನೂ ಬರೆದರು. ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ರಾಮದಾಸ್ ಅಣ್ವಸ್ತ್ರವನ್ನೇ ವಿರೋಧಿಸಿ ಪಾಕಿಸ್ತಾನದ ಶಾಂತಿವಾದಿಗಳ ಜತೆ ಕೆಲಸ ಮಾಡಿದರು, 2004ರಲ್ಲಿ ಅಲ್ಲಿನ ಐ. ಎ. ರೆಹಮಾನ್ ಅವರೊಂದಿಗೆ ಮ್ಯಾಗ್ಸೆಸೆ ಪ್ರಶಸ್ತಿ ಹಂಚಿಕೊಂಡರು. ನಮ್ಮ ಅಣ್ವಸ್ತ್ರ ಪಡೆಯನ್ನು ನಡೆಸಿದ್ದ ಲೆಫ್ಟಿನೆಂಟ್ ಜನರಲ್ ಬಿ. ಎಸ್. ನಾಗಲ್ ಮಾತ್ರ, ಮೊದಲು ಪ್ರಯೋಗಿಸುವುದಿಲ್ಲ ಎಂಬ ಭಾರತದ ವಚನವನ್ನೇ 2014ರಲ್ಲಿ ಪ್ರಶ್ನಿಸಿದರು. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯಲ್ಲಿರುವ ಲೆಫ್ಟಿನೆಂಟ್ ಜನರಲ್ ಪ್ರಕಾಶ್ ಮೆನನ್ ಇದಕ್ಕೆ ತದ್ವಿರುದ್ಧವಾಗಿ ಆ ವಚನವನ್ನು ಜಗತ್ತಿನ ಒಪ್ಪಂದವಾಗಿಸಬೇಕು ಎನ್ನುತ್ತಾರೆ. ಮೊದಲು ಪ್ರಯೋಗಿಸುವುದಿಲ್ಲ ಎಂದು ಚೀನಾ 1964ರಲ್ಲೇ ಹೇಳಿದೆ, ನಾವೂ ಹೇಳಿದ್ದೇವೆ, ಅಲ್ಲಿಂದ ಶುರುಮಾಡಬಹುದು ಎಂಬುದು ಈ ವಾದದ ಬುನಾದಿ. ಮೆನನ್ ಅವರ ದಾರಿ ನನಗೆ ಹಿಡಿಸುತ್ತದೆ, ಆದರೆ ವಚನವನ್ನು ಎಣಿಸಲು ಬರುವುದಿಲ್ಲ. ವೊಟ್ಕಿನ್ಸ್ಕ್ ಗೇಟಿನಲ್ಲಿ ಅಳೆದ ಹಾಗೆ ಅದನ್ನು ಟೇಪಿನಲ್ಲಿ ಅಳೆಯಲಾಗದು.

ಅಳೆಯಬಹುದಾದದ್ದು ನಮ್ಮಲ್ಲೂ ಒಂದಿದೆ. 2005ರ ಅಕ್ಟೋಬರ್ 3ರ ಒಪ್ಪಂದದಂತೆ ಎರಡೂ ದೇಶ ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗೆ ಕನಿಷ್ಠ ಮೂರು ದಿನ ಮೊದಲು ತಿಳಿಸಬೇಕು, ಗಡಿಯಿಂದ 40 ಕಿಲೋಮೀಟರ್‌ ಒಳಗೆ ಉಡಾವಣೆ ಮಾಡಬಾರದು. 2022ರ ಮಾರ್ಚ್ 9ರಂದು ಭಾರತದ ಒಂದು ಬ್ರಹ್ಮೋಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ, ಪಾಕಿಸ್ತಾನದೊಳಗೆ 124 ಕಿಲೋಮೀಟರ್ ಹೋಗಿ ಮಿಯಾನ್ ಚನ್ನು ಬಳಿ ಬಿತ್ತು. ಗುಂಡ್ಲುಪೇಟೆಯಿಂದ ಮೈಸೂರು ಕಳೆದು ಮಂಡ್ಯವನ್ನೂ ದಾಟುವಷ್ಟು ದೂರ, ನಾಲ್ಕು ನಿಮಿಷಕ್ಕೂ ಕಡಿಮೆ ಸಮಯದಲ್ಲಿ. ಸಿಡಿತಲೆಯಿಲ್ಲದ್ದರಿಂದ ಒಂದಿಷ್ಟು ಆಸ್ತಿ ಹಾಳಾದದ್ದು ಬಿಟ್ಟರೆ ಯಾರೂ ಸಾಯಲಿಲ್ಲ. ವಾಯುಪಡೆಯ ಮೂವರು ಅಧಿಕಾರಿಗಳನ್ನು ಆಗಸ್ಟ್‌ನಲ್ಲಿ ಸೇವೆಯಿಂದ ವಜಾ ಮಾಡಲಾಯಿತು. ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ. 2005ರ ಒಪ್ಪಂದ ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ ಅನ್ವಯಿಸುತ್ತದೆ.